ಗಲ್ಫ್ ಪೆಟ್ಟಿಗೆಯ ಸ್ಯಾಂಡ್‌ವಿಚ್ ಮೇಕರ್: ಸ್ವಿಚ್ ಹಾಕುವ ಮೊದಲು

ನಮ್ಮ ಬ್ಯಾರಿ ಮನೆಗಳ ಅಟ್ಟ ಹುಡುಕಿದರೆ ಒಂದು ಸ್ಯಾಂಡ್‌ವಿಚ್ ಮೇಕರ್ ಸಿಗದೆ ಇರುವುದು ಕಡಿಮೆ. ದುಬೈಯಿಂದಲೋ ದಮ್ಮಾಮಿನಿಂದಲೋ ರಜೆಗೆ ಬಂದ ಇಚ್ಚ ಹಗ್ಗ ಬಿಗಿದ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಕಂಬಳಿ, ಅತ್ತರಿನ ಜೊತೆ ತಂದದ್ದು. ಬಂದ ವಾರ ಮಕ್ಕಳೆಲ್ಲ ಮುಗಿಬಿದ್ದು ಬ್ರೆಡ್ ಸುಟ್ಟು ತಿಂದಿರುತ್ತಾರೆ. ಆಮೇಲೆ ಅದು ಮತ್ತೆ ಪೆಟ್ಟಿಗೆಗೆ, ಪೆಟ್ಟಿಗೆ ಅಟ್ಟಕ್ಕೆ. ಊರಿನ ಮನೆಯಲ್ಲಿ ಪತ್ತಿರ್ ಸುಡುವ ಕೈಗಳಿರುವಾಗ ಬ್ರೆಡ್ಡನ್ನು ಯಾರು ಕೇಳುತ್ತಾರೆ?

ನಮ್ಮ ಮನೆಯದ್ದು ಮೈದುನ ದುಬೈಯಿಂದ ತಂದದ್ದು. ಬೆಂಗಳೂರಿನ ಚಾಮರಾಜಪೇಟೆಗೆ ನಾವು ಬಾಡಿಗೆ ಮನೆ ಮಾಡಿ ಹೊರಡುವಾಗ ಮಾಮಿಯೇ ಅದನ್ನು ಪಾತ್ರೆಗಳ ಚೀಲಕ್ಕೆ ಹಾಕಿಕೊಟ್ಟರು. "ಅಲ್ಲಿ ಬೆಳಗ್ಗೆ ಎದ್ದು ಪತ್ತಿರ್ ಮಾಡ್ಲಿಕ್ಕೆ ನಿಂಗೆ ಪುರುಸೊತ್ತು ಎಲ್ಲಿ ಉಂಟು? ಇದು ಇರ್ಲಿ" ಎಂದರು.

ಅವರು ಹೇಳಿದ್ದು ನಿಜವೇ ಆಯಿತು. ಬೆಂಗಳೂರಿನ ಬೆಳಗ್ಗೆ ಎಂದರೆ ಓಟ. ಮಗನಿಗೆ ಕಾಲೇಜು, ಮಗಳಿಗೆ ಶಾಲೆಯ ವ್ಯಾನು, ನಮ್ಮವರಿಗೆ ಮೆಟ್ರೊ. ಅಡುಗೆ ಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟೇ ಜಾಗ. ತಿಂಗಳಿಗೊಮ್ಮೆ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಮಾಮಿ ಕಳುಹಿಸಿದ ಪತ್ತಿರ್ ಕಟ್ಟು ಬರುತ್ತದೆ, ಎರಡು ದಿನದಲ್ಲಿ ಮುಗಿಯುತ್ತದೆ. ಉಳಿದ ದಿನಗಳಿಗೆ ಪೆಟ್ಟಿಗೆಯಿಂದ ಸ್ಯಾಂಡ್‌ವಿಚ್ ಮೇಕರ್ ಹೊರಗೆ ಬಂತು.

ಜುಮ್ ಎಂದ ಬೆಳಗ್ಗೆ

ತಂದ ಮೊದಲ ದಿನವೇ ಒಂದು ತೊಂದರೆ. ಅದರ ಪ್ಲಗ್‌ಗೆ ಚೌಕಾಕಾರದ ಮೂರು ದಪ್ಪ ಪಿನ್. ನಮ್ಮ ಗೋಡೆಯ ಪಾಯಿಂಟಿನಲ್ಲಿ ದುಂಡಗಿನ ತೂತು. ಯುಎಇ, ಒಮಾನ್, ಕತಾರ್, ಕುವೈತ್, ಬಹರೈನ್ ಕಡೆ ನಡೆಯುವುದು ಬ್ರಿಟಿಷ್ ಮಾದರಿಯ ಚೌಕ ಪಿನ್. ನಮ್ಮಲ್ಲಿ ನಡೆಯುವುದು ದುಂಡು ಪಿನ್. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ರಸ್ತೆ ಬದಿಯಿಂದ ಒಂದು ಸಣ್ಣ ಅಡಾಪ್ಟರ್ ತಂದು ಸಿಕ್ಕಿಸಿದೆವು. ಅದಕ್ಕೆ ಹಿಂದೆ ಎರಡೇ ಪಿನ್ ಇದ್ದದ್ದನ್ನು ಯಾರೂ ಗಮನಿಸಲಿಲ್ಲ.

ಮೂರು ವಾರ ಚೆನ್ನಾಗಿಯೇ ನಡೆಯಿತು. ಒಂದು ಬೆಳಗ್ಗೆ ಮಗ ಟೊಮೆಟೊ ಹಾಕಿದ ಸ್ಯಾಂಡ್‌ವಿಚ್ ಇಟ್ಟು ಮುಚ್ಚಳ ಒತ್ತಿದ. ನೀರು ಬದಿಯಿಂದ ಹರಿದು ಕೆಳಗೆ ಇಳಿಯಿತು. ಅವನು ಮೇಲಿನ ಸ್ಟೀಲ್ ಹೊದಿಕೆ ಮುಟ್ಟಿದ್ದೇ ತಡ, "ಉಮ್ಮಾ" ಎಂದು ಕೂಗಿ ಕೈ ಎಳೆದುಕೊಂಡ. ಬರಿಗಾಲಲ್ಲಿ ಇದ್ದ. ನೆಲ ಆಗಷ್ಟೇ ಒರೆಸಿದ್ದು, ಒದ್ದೆ ಇತ್ತು. ಮೊಣಕೈವರೆಗೆ ಜುಮ್ ಎಂದದ್ದು ಅರ್ಧ ಗಂಟೆ ಹೋಗಲಿಲ್ಲ. ಅಲ್ಲಾಹನ ಕೃಪೆ, ಅಷ್ಟರಲ್ಲೇ ಮುಗಿಯಿತು.

ಮೆಶಿನ್ ಮತ್ತೆ ಅಟ್ಟ ಸೇರಿತು. ಮುಂದಿನ ತಿಂಗಳು ಬೆಂಗಳೂರಿಗೆ ಬಂದ ಮಾಮಿ ಕೇಳಿದರು: "ಅದು ಎಲ್ಲಿ?" ವಿಷಯ ಹೇಳಿದೆವು. ಅವರು ಒಂದು ಗಳಿಗೆ ಸುಮ್ಮನಿದ್ದು, "ಮೆಶಿನ್ ಹಾಳಾದದ್ದೋ, ಮನೆಯ ಕರೆಂಟ್ ಹಾಳಾದದ್ದೋ, ನೋಡಿಸಿದ್ದೀರಾ?" ಎಂದರು. ನಾವು ನೋಡಿಸಿರಲಿಲ್ಲ. ಮೆಶಿನನ್ನು ಅಟ್ಟಕ್ಕೆ ಹಾಕಿದೆವು, ಪಾಯಿಂಟು ಅಲ್ಲೇ ಇತ್ತು. ಅದೇ ಪಾಯಿಂಟಿಗೆ ದಿನಾ ಮಿಕ್ಸಿ ಹಾಕುತ್ತಿದ್ದೆವು.

ಗೋಡೆಯೊಳಗೆ ಇಲ್ಲದ ತಂತಿ

ಎಲೆಕ್ಟ್ರಿಷಿಯನ್ ಬಂದು ಅಡುಗೆ ಮನೆಯ ಸಾಕೆಟ್ ಬಿಚ್ಚಿದರು. ಮೂರು ತೂತಿನ ಸಾಕೆಟ್, ಆದರೆ ಹಿಂದೆ ಎರಡೇ ತಂತಿ. ಮೇಲಿನ ದೊಡ್ಡ ತೂತಿಗೆ ಬರಬೇಕಿದ್ದ ಅರ್ತ್ ತಂತಿ ಇರಲೇ ಇಲ್ಲ. ಹಳೆಯ ಎರಡು ಪಿನ್ನಿನ ಸಾಕೆಟ್ ತೆಗೆದು ಯಾರೋ ಹೊಸದನ್ನು ಕೂರಿಸಿ, ಬಣ್ಣ ಬಳಿದು ಮನೆ ಬಾಡಿಗೆಗೆ ಕೊಟ್ಟಿದ್ದರು. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವಂಥದ್ದಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬೆಂಗಳೂರಿನ ಹಳೆಯ ಬಡಾವಣೆಗಳು. ಚಾಮರಾಜಪೇಟೆ 1892ರ ಹೊತ್ತಿಗೆ ಶುರುವಾದದ್ದು. 1898ರ ಪ್ಲೇಗಿನ ನಂತರ ಹಳೇ ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಶಿವನಸಮುದ್ರದ ಕರೆಂಟಿನಿಂದ ಸಿಟಿ ಮಾರ್ಕೆಟ್ ಇರುವ ಜಾಗದಲ್ಲಿ ಬೀದಿ ದೀಪ ಉರಿದದ್ದು 1905ರ ಆಗಸ್ಟ್ 5ರಂದು. ದೇಶದಲ್ಲೇ ಬೇಗ ಕರೆಂಟು ಕಂಡ ಊರು ಇದು. ಇಲ್ಲಿನ ಹಳೆಯ ಮನೆ, ವಠಾರಗಳಲ್ಲಿ ವಯರಿಂಗ್ ಮಾಡಿದಾಗ ಲೆಕ್ಕ ಇದ್ದದ್ದು ಬಲ್ಬು, ಫ್ಯಾನು, ರೇಡಿಯೊಗೆ. ಒಂದು ಮನೆ ಮೂರು ಪೋರ್ಶನ್ ಆಗಿ, ಅದರಲ್ಲಿ ಫ್ರಿಡ್ಜು, ಗೀಸರ್, ಇಂಡಕ್ಷನ್ ಸೇರಿದರೂ ಗೋಡೆಯೊಳಗಿನ ತಂತಿ ಹಲವು ಕಡೆ ಹಾಗೆಯೇ ಉಳಿದಿದೆ.

ಅರ್ತ್ ಇಲ್ಲದಿದ್ದರೆ ಏನಾಗುತ್ತದೆ? ಸ್ಯಾಂಡ್‌ವಿಚ್ ಮೇಕರಿನ ಒಳಗೆ ಕಾಯುವ ಸುರುಳಿ, ಅದರ ಮೇಲೆ ಲೋಹದ ತಟ್ಟೆ. ನೀರು ಒಳಗೆ ಇಳಿದರೆ, ತಂತಿಯ ಹೊದಿಕೆ ಸುಟ್ಟರೆ, ಕರೆಂಟು ಲೋಹದ ಮೈಗೆ ಬರುತ್ತದೆ. ಅರ್ತ್ ತಂತಿ ಇದ್ದರೆ ಆ ಕರೆಂಟು ಅದರ ಮೂಲಕ ನೆಲಕ್ಕೆ ಹೋಗುತ್ತದೆ, ಜೋರಾಗಿ ಹರಿದರೆ ಫ್ಯೂಸ್ ಹಾರುತ್ತದೆ. ಅರ್ತ್ ಇಲ್ಲದಿದ್ದರೆ ಮುಟ್ಟಿದವರ ಮೈಯೇ ಅರ್ತ್ ತಂತಿ. ಒದ್ದೆ ನೆಲ, ಬರಿಗಾಲು ಸೇರಿದರೆ ಇನ್ನೂ ಅಪಾಯ.

ಮನೆ ಮಾಲಕರಿಗೆ ಹೇಳಿದಾಗ, "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ವಲ್ಲ" ಎಂದರು. ಜಗಳ ಮಾಡಲಿಲ್ಲ. ಬಿಚ್ಚಿದ ಸಾಕೆಟನ್ನು ತೋರಿಸಿದೆವು. ಅಡುಗೆ ಮನೆಗೆ ಹೊಸ ಅರ್ತ್ ಎಳೆಯುವ ಖರ್ಚು ಅರ್ಧ ಅವರದ್ದು, ಅರ್ಧ ನಮ್ಮದು ಎಂದು ಒಪ್ಪಿದರು. ಬಾಡಿಗೆ ಮನೆ ನೋಡಲು ಹೋಗುವಾಗ ನಾವು ನೀರು ಬರುತ್ತದಾ, ಮಸೀದಿ ಹತ್ತಿರ ಇದೆಯಾ ಎಂದು ಕೇಳುತ್ತೇವೆ. ಅಡ್ವಾನ್ಸ್ ಕೊಡುವ ಮೊದಲು ಅಡುಗೆ ಮನೆಯ, ಬಾತ್‌ರೂಮಿನ ಪಾಯಿಂಟಿಗೆ ಅರ್ತ್ ಇದೆಯಾ ಎಂದೂ ಕೇಳಬೇಕು.

ನೋಡಬೇಕಾದ ನಾಲ್ಕು ಸಂಗತಿ

ಮೊದಲನೆಯದು ವೋಲ್ಟೇಜ್. ಮೆಶಿನನ್ನು ಬೋರಲು ಹಾಕಿದರೆ ಕೆಳಗೆ ಒಂದು ಚೀಟಿಯೋ ಅಚ್ಚೋ ಇರುತ್ತದೆ. ಅದರಲ್ಲಿ 220-240 ವೋಲ್ಟ್ ಎಂದಿದ್ದರೆ ನಮ್ಮ ಮನೆಗೆ ಸರಿ. ಸೌದಿಯಲ್ಲಿ ಹಿಂದೆ ಬಹಳ ಕಡೆ ಮನೆಗಳಿಗೆ 110, 127 ವೋಲ್ಟ್ ಬರುತ್ತಿತ್ತು. ಆ ಕಾಲದ ಸಾಮಾನು ಇನ್ನೂ ಕೆಲವರ ಅಟ್ಟದಲ್ಲಿದೆ. 110 ವೋಲ್ಟಿನ ಮೆಶಿನನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಅದು ನಾಲ್ಕು ಪಟ್ಟಿಗಿಂತ ಹೆಚ್ಚು ಕಾಯುತ್ತದೆ, ನಿಮಿಷದೊಳಗೆ ಹೊಗೆ. ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಹೀಗೆಯೇ ಅಡುಗೆ ಕಟ್ಟೆ ಸುಟ್ಟಿತ್ತು. ಅಂಥದ್ದನ್ನು ಗುಜರಿಗೆ ಕೊಡುವುದೇ ಒಳ್ಳೆಯದು.

ಎರಡನೆಯದು ಪ್ಲಗ್. ಎರಡು ಪಿನ್ನಿನ ಅಡಾಪ್ಟರ್ ಬೇಡವೇ ಬೇಡ. ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ಚೌಕ ಪ್ಲಗ್ ತೆಗೆಸಿ, ನಮ್ಮ ಮೂರು ಪಿನ್ನಿನ ಐಎಸ್‌ಐ ಗುರುತಿನ ಪ್ಲಗ್ ಹಾಕಿಸಿ. ಚಿಕ್ಕಪೇಟೆ ಬದಿಯ ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ, ದೊಡ್ಡ ಖರ್ಚಲ್ಲ. ವಯರಿನೊಳಗೆ ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಗೆರೆಯದ್ದು ಅರ್ತ್. ಆ ಹಸಿರು-ಹಳದಿ ತಂತಿ ದೊಡ್ಡ ಪಿನ್ನಿಗೇ ಸೇರಿದೆಯಾ ಎಂದು ಕಣ್ಣಾರೆ ನೋಡಿ. ಕೆಲವು ಉಪಕರಣಗಳ ಕೆಳಗೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ. ಅವು ಎರಡು ಪದರದ ರಕ್ಷಣೆ ಇರುವಂಥವು, ಅವಕ್ಕೆ ಅರ್ತ್ ಬೇಕಿಲ್ಲ. ನಮ್ಮ ಮೆಶಿನಿಗೆ ಆ ಗುರುತು ಇರಲಿಲ್ಲ.

ಮೂರನೆಯದು ಗೋಡೆಯ ಪಾಯಿಂಟು. ಸಾಮಾನ್ಯವಾಗಿ ಮನೆಯ ಸ್ಯಾಂಡ್‌ವಿಚ್ ಮೇಕರ್ 700-800 ವ್ಯಾಟಿನದ್ದು. ಲೆಕ್ಕ ಹಾಕಿದರೆ ಮೂರೂವರೆ ಆಂಪಿಯರ್ ಒಳಗೆ. ಹಾಗಾಗಿ 6 ಆಂಪಿಯರಿನ ಸಣ್ಣ ಪಾಯಿಂಟು ಸಾಕು, ಅರ್ತ್ ಇರಬೇಕು ಅಷ್ಟೇ. ಆದರೆ ಒಂದೇ ಎಕ್ಸ್‌ಟೆನ್ಶನ್ ಪೆಟ್ಟಿಗೆಗೆ ಇದು, ಕೆಟಲ್, ಇಂಡಕ್ಷನ್ ಮೂರನ್ನೂ ಹಾಕಬಾರದು.

ನಾಲ್ಕನೆಯದು ಆರ್‌ಸಿಸಿಬಿ. ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಎಂಸಿಬಿ ಇರುವುದು ವಯರ್ ಸುಡದಂತೆ, ಮನುಷ್ಯರಿಗೆ ಶಾಕ್ ಹೊಡೆಯದಂತೆ ಅಲ್ಲ. ಸ್ವಲ್ಪ ಕರೆಂಟು ದಾರಿ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದರ ಮೇಲೆ 'ಟೆಸ್ಟ್' ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಕರೆಂಟು ಹೋಗಬೇಕು.

ಬಿಲ್ಲು ಎಷ್ಟು ಬರ್ತದೆ?

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. 800 ವ್ಯಾಟಿನ ಮೆಶಿನ್ ದಿನಕ್ಕೆ 20 ನಿಮಿಷ ನಡೆದರೆ ಕಾಲು ಯೂನಿಟ್ ಚಿಲ್ಲರೆ, ತಿಂಗಳಿಗೆ 8 ಯೂನಿಟ್. ಕಾದ ಮೇಲೆ ಒಳಗಿನ ಥರ್ಮೋಸ್ಟಾಟ್ ಆಗಾಗ ಕರೆಂಟು ನಿಲ್ಲಿಸುವುದರಿಂದ ನಿಜಕ್ಕೂ ಅದಕ್ಕಿಂತ ಕಡಿಮೆಯೇ. ಆದರೂ 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗೆರೆಯ ಅಂಚಿನಲ್ಲಿ ಇರುವ ಮನೆಯವರಿಗೆ 8 ಯೂನಿಟ್ ಕೂಡ ಲೆಕ್ಕವೇ. ಬಾಡಿಗೆದಾರರಿಗೂ ಈ ಯೋಜನೆ ಇದೆ, ಹೆಸರು ನೋಂದಾಯಿಸಿಕೊಂಡಿರಬೇಕು.

ಬ್ರೆಡ್ಡು ಅಯ್ಯಂಗಾರರದ್ದು, ಒಳಗಿನದ್ದು ನಮ್ಮದು

ಬ್ರೆಡ್ಡನ್ನು ಅಂಚು ಒತ್ತಿ, ಒಳಗಿನದ್ದು ಹೊರಗೆ ಬಾರದಂತೆ ಮುಚ್ಚಿ ಸುಡುವ ಕರೆಂಟಿನ ಮೆಶಿನನ್ನು ಆಸ್ಟ್ರೇಲಿಯಾದ ಬ್ರೆವಿಲ್ ಕಂಪೆನಿ 1974ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು ನಮ್ಮ ಮನೆಗಳಲ್ಲಿ ಇದ್ದದ್ದು ಗ್ಯಾಸ್ ಒಲೆ ಮೇಲೆ ಹಿಡಿಯುವ ಉದ್ದ ಹಿಡಿಯ ಟೋಸ್ಟರ್. ಬೆಂಗಳೂರಿಗೆ ಮಾತ್ರ ಬ್ರೆಡ್ಡಿನ ರುಚಿ ಹತ್ತಿಸಿದವರು ಅಯ್ಯಂಗಾರ್ ಬೇಕರಿಯವರು. ಸಜ್ಜನ್ ರಾವ್ ಸರ್ಕಲ್ ಬಳಿಯ ವಿಬಿ ಬೇಕರಿ 1953ರಿಂದ ಇದೆ. ಸಂಜೆ ಪಕ್ಕದ ತಿಂಡಿ ಬೀದಿಗೆ ಹೋದವರು ಅಲ್ಲಿಂದ ಖಾರ ಬನ್ನೋ ಕಾಂಗ್ರೆಸ್ ಕಡಲೆಬೀಜವೋ ತಾರದೆ ಬರುವುದಿಲ್ಲ. ಅಯ್ಯಂಗಾರ್ ಬೇಕರಿಗಳಲ್ಲಿ ಕಾವಲಿಯ ಮೇಲೆ ಬ್ರೆಡ್ಡು ಸುಟ್ಟು, ಈರುಳ್ಳಿ-ಕ್ಯಾರೆಟ್ ಮಸಾಲೆ ಹರಡಿ ಕೊಡುವ ಟೋಸ್ಟನ್ನು ನೋಡಿಯೇ ಮಗ ಮನೆಯಲ್ಲಿ ಮಾಡಲು ಕಲಿತದ್ದು.

ಒಂದೆರಡು ತಿಂಗಳ ಅಭ್ಯಾಸದಲ್ಲಿ ನಾವು ಕಂಡುಕೊಂಡದ್ದು ಇಷ್ಟು. ಹೊಸ ಮೆಶಿನನ್ನು ಮೊದಲ ಸಲ ಖಾಲಿಯಾಗಿ ಐದು ನಿಮಿಷ ಕಾಯಿಸಿ, ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಸಿರು ದೀಪ ಹತ್ತಿದರೆ ತಟ್ಟೆ ಕಾದಿದೆ ಎಂದು ಅರ್ಥ. ಸ್ಯಾಂಡ್‌ವಿಚ್ ಬೆಂದಿದೆ ಎಂದಲ್ಲ. ಬೆಣ್ಣೆ ಬ್ರೆಡ್ಡಿನ ಹೊರ ಬದಿಗೆ ಸವರಬೇಕು. ಒಳಗೆ ಎರಡು ಚಮಚಕ್ಕಿಂತ ಹೆಚ್ಚು ತುಂಬಬಾರದು. ಮುಚ್ಚಳ ಜೋರಾಗಿ ಒತ್ತಿದರೆ ಕೊಂಡಿ ಮುರಿಯುತ್ತದೆ, ನೀರು ಹೊರಗೆ ಬರುತ್ತದೆ. ಟೊಮೆಟೊ ಹಾಕುವುದಾದರೆ ಬೀಜ, ನೀರು ತೆಗೆದು ಹಾಕಿ. ಮೂರರಿಂದ ಐದು ನಿಮಿಷದಲ್ಲಿ ಆಗ್ತದೆ.

ರಾತ್ರಿ ಉಳಿದ ಕೋಳಿ ಸುಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. ಮೂಳೆ ಬಿಡಿಸಿ, ಒಲೆಯ ಮೇಲೆ ಮೊದಲು ಚೆನ್ನಾಗಿ ಬಿಸಿ ಮಾಡಿ, ಮಸಾಲೆ ಒಣಗಿಸಿ ತುಂಬಬೇಕು. ಯಾಕೆಂದರೆ ಬ್ರೆಡ್ಡು ಕೆಂಪಾಗುವಷ್ಟು ಹೊತ್ತಿಗೆ ನಡುವಿನ ತಣ್ಣನೆಯ ಮಾಂಸ ಸರಿಯಾಗಿ ಬಿಸಿಯಾಗಿರುವುದಿಲ್ಲ. ಬೇಯಿಸಿದ ಮೊಟ್ಟೆ, ಈರುಳ್ಳಿ, ಕಾಳುಮೆಣಸು ಕೂಡ ಒಳ್ಳೆಯದು. ಬಂಗುಡೆ ಮೀನು ಒಮ್ಮೆ ಹಾಕಿದೆವು. ಮರುದಿನ ಮಗಳ ಜ್ಯಾಮ್ ಸ್ಯಾಂಡ್‌ವಿಚ್ಚಿಗೂ ಅದೇ ವಾಸನೆ. ಇನ್ನೊಮ್ಮೆ ಊರಿನಿಂದ ಬಂದ ಅಕ್ಕಿ ಪತ್ತಿರನ್ನು ಇದರಲ್ಲೇ ಬಿಸಿ ಮಾಡಲು ಹೋಗಿ ಹಪ್ಪಳ ಮಾಡಿಕೊಂಡೆವು. ಮಾಮಿಗೆ ಹೇಳಿಲ್ಲ.

ಶಾಲೆಯ ಡಬ್ಬಿಗೆ ಮಾಂಸ, ಮೊಟ್ಟೆಯ ಸ್ಯಾಂಡ್‌ವಿಚ್ ಕಟ್ಟುವುದಿಲ್ಲ. ಬೆಳಗ್ಗೆ ಏಳಕ್ಕೆ ಮಾಡಿದ್ದು ಮಧ್ಯಾಹ್ನ ಒಂದಕ್ಕೆ ತಿನ್ನುವಾಗ ಆರು ಗಂಟೆ ಆಗಿರುತ್ತದೆ, ಹೊಟ್ಟೆ ಕೆಡಬಹುದು. ಅದು ಬಿಸಿ ಬಿಸಿ ಮನೆಯಲ್ಲೇ. ಡಬ್ಬಿಗೆ ಪುದೀನ ಚಟ್ನಿ, ಚೀಸ್, ಆಲೂಗಡ್ಡೆ ಪಲ್ಯ. ಕಟ್ಟುವ ಮೊದಲು ಜಾಲರಿಯ ಮೇಲಿಟ್ಟು ಆರಿಸಿದರೆ ಮೆತ್ತಗಾಗುವುದಿಲ್ಲ. ಚೀಸ್ ಬಗ್ಗೆ ಹಲಾಲ್ ಅನುಮಾನ ಇರುವವರಿಗೆ ಒಂದು ಮಾತು. ಹಾಲು ಒಡೆಸುವ ರೆನೆಟ್ ಕೆಲವು ದೇಶಗಳಲ್ಲಿ ಕರುವಿನ ಹೊಟ್ಟೆಯಿಂದ ಬರುತ್ತದೆ. ನಮ್ಮ ಅಂಗಡಿಯ ಪ್ಯಾಕೆಟಿನ ಮೇಲೆ ಹಸಿರು ಚುಕ್ಕೆ ಇದ್ದರೆ ಅದರಲ್ಲಿ ಪ್ರಾಣಿಯ ರೆನೆಟ್ ಇಲ್ಲ. ಹೊರದೇಶದಿಂದ ತಂದ ಚೀಸ್ ಆದರೆ ಹಲಾಲ್ ಗುರುತು ನೋಡಿಕೊಳ್ಳಿ.

ತೊಳೆಯುವ ವಿಷಯದಲ್ಲೇ ಮೆಶಿನುಗಳು ಸಾಯುವುದು. ನಲ್ಲಿಯ ಕೆಳಗೆ ಹಿಡಿಯಬಾರದು, ಸ್ಟೀಲ್ ನಾರು ತಾಗಿಸಬಾರದು, ಚಾಕುವಿನಿಂದ ಎಬ್ಬಿಸಬಾರದು. ಪ್ಲಗ್ ಎಳೆದು, ಸ್ವಲ್ಪ ಬೆಚ್ಚಗಿರುವಾಗ ಹಿಂಡಿದ ಒದ್ದೆ ಬಟ್ಟೆಯನ್ನು ತಟ್ಟೆಗಳ ನಡುವೆ ಇಟ್ಟು ಮುಚ್ಚಿ. ಐದು ನಿಮಿಷದಲ್ಲಿ ಅಂಟಿದ್ದೆಲ್ಲ ಮೆತ್ತಗಾಗಿ ಒರೆಸಿದರೆ ಹೋಗುತ್ತದೆ.

ಪಕ್ಕದ ಮನೆಯ ಆಂಟಿ

ನಮ್ಮ ವಠಾರದಲ್ಲಿ ಪಕ್ಕದ ಮನೆಯವರು ಸಸ್ಯಾಹಾರಿಗಳು. ಒಂದು ದಿನ ಆಂಟಿ ಬಾಗಿಲಿಗೆ ಬಂದು, "ಮೊಮ್ಮಗ ಬಂದಿದಾನೆ, ನಿಮ್ಮ ಸ್ಯಾಂಡ್‌ವಿಚ್ ಮೆಶಿನ್ ಒಂದು ಸಲ ಕೊಡ್ತೀರಾ?" ಎಂದು ಕೇಳಿದರು. ಒರೆಸಿ ಕೊಟ್ಟರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಮ್ಮ ಊಟದಲ್ಲಿ ಹಲಾಲ್ ಬಗ್ಗೆ ಇಷ್ಟು ನೋಡುವ ನಾವು ಅವರ ಊಟದ ಬಗ್ಗೆ ಸುಮ್ಮನಿರುವುದು ಹೇಗೆ? "ಆಂಟಿ, ಇದರಲ್ಲಿ ಕೋಳಿ, ಮೊಟ್ಟೆ ಎಲ್ಲ ಮಾಡಿದೀವಿ" ಎಂದೆವು. "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದು ನಕ್ಕು ಒಳಗೆ ಬಂದು ಕೂತರು. ಅವತ್ತು ಮಾತಿಗೆ ಮಾತು ಬೆಳೆದು ಅರ್ತ್ ವಿಷಯ ಬಂತು. ಅವರ ಅಡುಗೆ ಮನೆಯ ಪಾಯಿಂಟಿಗೂ ಅರ್ತ್ ಇರಲಿಲ್ಲ. ಅದೇ ವಾರ ಅವರೂ ಹಾಕಿಸಿಕೊಂಡರು. ಆಮೇಲೆ ತಮಗೊಂದು ಮೆಶಿನನ್ನೂ ತಂದುಕೊಂಡರು.

ಸಹರಿಗೆ ಎದ್ದ ಮಗ

ಮೆಶಿನ್ ಬಂದು ನಮ್ಮ ಮನೆಯಲ್ಲಿ ಬದಲಾದ ದೊಡ್ಡ ಸಂಗತಿ ಬ್ರೆಡ್ಡಲ್ಲ. ಪತ್ತಿರ್, ಪಿಂಡಿ, ನೈ ಪತ್ತಿರ್ ಎಲ್ಲ ಕೈ ಪಳಗಿದವರ ಕೆಲಸ. ಆ ಕೈಗಳು ಯಾವತ್ತೂ ಉಮ್ಮಂದಿರದ್ದು, ಸೊಸೆಯಂದಿರದ್ದು. ಗಂಡು ಮಕ್ಕಳಿಗೆ ಅಡುಗೆ ಮನೆಯಲ್ಲಿ ಕೆಲಸವೇ ಇರಲಿಲ್ಲ. ಅದೇ ಹುಡುಗರು ಓದಲು, ದುಡಿಯಲು ಬೆಂಗಳೂರಿಗೆ, ಗಲ್ಫಿಗೆ ಹೋಗಿ ರೂಮಿನಲ್ಲಿ ಹಸಿದು ಕೂರುತ್ತಾರೆ, ಇಲ್ಲವೇ ಮೂರು ಹೊತ್ತು ಹೊಟೇಲು. ಈ ಮೆಶಿನಿನಲ್ಲಿ ಬೆಂಕಿ ಇಲ್ಲ, ಎಣ್ಣೆ ಸಿಡಿಯುವುದಿಲ್ಲ, ಅಳತೆಯ ಕಷ್ಟ ಇಲ್ಲ. ಹದಿನೇಳರ ಹುಡುಗನೂ ಮಾಡಬಹುದು, ಅವನ ಉಪ್ಪನೂ ಮಾಡಬಹುದು.

ಈ ರಮಝಾನಿನಲ್ಲಿ ಒಂದು ರಾತ್ರಿ ನಮಗೆ ಜ್ವರ. ಸಹರಿಗೆ ಏಳಲಾಗಲಿಲ್ಲ. ಅಲಾರಂ ಆಗಿ ಕಣ್ಣು ಬಿಟ್ಟಾಗ ಅಡುಗೆ ಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗ ಮೊಟ್ಟೆ ಬೇಯಿಸಿ, ಎಂಟು ಸ್ಯಾಂಡ್‌ವಿಚ್ ಮಾಡಿ ತಟ್ಟೆಯಲ್ಲಿ ಜೋಡಿಸಿದ್ದ. ಕಾಲಿಗೆ ಚಪ್ಪಲಿ ಹಾಕಿದ್ದ. ಎಲ್ಲರೂ ಬಿಸ್ಮಿ ಹೇಳಿ ತಿಂದೆವು. ಇಂಥ ಮೆಶಿನುಗಳಲ್ಲಿ ಹೆಚ್ಚಿನವಕ್ಕೆ ತಾನಾಗಿ ಆಫ್ ಆಗುವ ಸ್ವಿಚ್ ಇಲ್ಲ. ನಿದ್ದೆಗಣ್ಣಿನಲ್ಲಿ ಮರೆತರೆ ಸುಬಹಿ ನಮಾಝ್ ಮುಗಿಸಿ ಬರುವವರೆಗೂ ಕಾಯುತ್ತಲೇ ಇರುತ್ತದೆ. ಹಾಗಾಗಿ ಅವನು ಎದ್ದು ಹೋಗುವಾಗ ಕರೆದು ಕೇಳಿದೆವು: "ಪ್ಲಗ್ ತೆಗ್ದಿಯಾ ಮಗಾ?"

"ಅದು ಮೊದಲೇ ತೆಗ್ದೆ ಉಮ್ಮಾ" ಎಂದ.

ಅಟ್ಟದ ಮೇಲಿರುವ ನಿಮ್ಮ ಮೆಶಿನನ್ನು ಇಳಿಸಿ, ಧೂಳು ಒರೆಸಿ. ಬೋರಲು ಹಾಕಿ ವೋಲ್ಟೇಜ್ ಓದಿ, ಪ್ಲಗ್ ಬದಲಾಯಿಸಿ, ಪಾಯಿಂಟಿಗೆ ಅರ್ತ್ ಇದೆಯಾ ನೋಡಿಸಿ. ಆಮೇಲೆ ಅದನ್ನು ಮಗನ ಕೈಗೆ ಕೊಡಿ.